ಮುಗಿಲಿಗೆ ಹೋದ ಹೆಣ್ಣುಮಗಳು ಮತ್ತು ನಮ್ಮತ್ತೆ

ತಾವರಗೇರಾ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಗಗನಯಾತ್ರಿಗಳ ವಿಷಯ ಬಂದಾಗಲೆಲ್ಲ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ. “ಟೀಚರ್, ಅವರು ಅಲ್ಲಿ ಸಂಡಾಸಕ್ಕ ಹೆಂಗ ಹೋಗತಾರ್ರಿ?” ಇಡೀ ಕ್ಲಾಸು ನಗುತ್ತದೆ. ನಾನು ಡಸ್ಟರಿನಿಂದ ಟೇಬಲ್ ಕುಟ್ಟಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಅದು ಕೇಳಬಾರದ ಪ್ರಶ್ನೆ ಅಂತಲ್ಲ. ನನಗೆ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಸ್ವಭಾವವೂ ನನ್ನದಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಕೊಪ್ಪಳದಲ್ಲಿ ಆಪರೇಷನ್ ಆಯಿತು, ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಒಂದು ವಾಕರ್ ಕೊಟ್ಟು, “ದಿನಾ ಎಬ್ಬಿಸಿ ನಡಿಸ್ರಿ. ಮಲಗಿಸಿಬಿಟ್ರ ಮತ್ತ ಏಳೂದಿಲ್ಲ, ನೆನಪಿಡ್ರಿ” ಎಂದರು. ಹೂಂ ಅಂತ ತಲೆಯಾಡಿಸಿ ಬಂದೆ.

ಆದರೆ ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಬರುವ ಪದ್ಧತಿ ಇದೆ. ಬರದಿದ್ದರೆ ತಪ್ಪು, ಬರಿಗೈಲಿ ಬಂದರೆ ಇನ್ನೂ ತಪ್ಪು. ಬಾಳೆಹಣ್ಣು, ಬ್ರೆಡ್ಡು, ಎಳನೀರು ಹಿಡಿದು ಓಣಿಗೆ ಓಣಿಯೇ ಬರುತ್ತದೆ. ಬಂದವರು ಮೊದಲು ಹೇಳುವುದೇ, “ಏಳಬ್ಯಾಡ್ರಿ, ಏಳಬ್ಯಾಡ್ರಿ, ಮಕ್ಕೊರ್ರಿ.” ಮನೆಗೆ ಬಂದ ಎರಡನೇ ದಿನ ನಾನು ಅತ್ತೆಗೆ ವಾಕರ್ ಹಿಡಿಸಿ ನಿಲ್ಲಿಸಿದ್ದೆ. ಅವರು ನೋವಿಗೆ “ಯಪ್ಪಾ” ಎಂದು ಕೂಗಿದ್ದಕ್ಕೂ, ಪಕ್ಕದ ಮನೆಯ ಹಿರಿಯಾಕೆ ಒಳಗೆ ಕಾಲಿಟ್ಟಿದ್ದಕ್ಕೂ ಸರಿಹೋಯಿತು.

“ಏನವಾ, ಎಲುಬು ಮುರದ ಮುದುಕೀನ ಸಾಲಿ ಹುಡುಗರಂಗ ನಿಂದರಸಿಯಲ್ಲ!” ಎಂದರು ಆಕೆ. ಸಂಜೆಯ ಹೊತ್ತಿಗೆ ಆ ಮಾತು ಓಣಿ ತುಂಬಿತ್ತು.

ಅಂದಿನಿಂದ ನಾನು ಅತ್ತೆಯ ಕಾಲು ನೆಲಕ್ಕೆ ತಾಗದ ಹಾಗೆ ನೋಡಿಕೊಂಡೆ. ಊಟ ಮಂಚಕ್ಕೆ, ಬಿಸಿನೀರು ಮಂಚಕ್ಕೆ, ಬೆಡ್‌ಪ್ಯಾನೂ ಮಂಚಕ್ಕೆ. ವಾಕರಿನ ಮೇಲೆ ಟವೆಲ್ ಒಣಹಾಕಿದೆವು. “ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ” ಎಂದು ಬಂದವರೆಲ್ಲ ಹೇಳತೊಡಗಿದರು. ಸುಳ್ಳು ಯಾಕೆ ಹೇಳಲಿ, ಆ ಮಾತಿನ ರುಚಿ ನನಗೆ ಹತ್ತಿತ್ತು. ಅತ್ತೆ ಮಾತ್ರ ದಿನದಿಂದ ದಿನಕ್ಕೆ ಸಣ್ಣಗಾದರು. ನಾನು ಶಾಲೆಗೆ ಹೋದಾಗ ಬೆಡ್‌ಪ್ಯಾನಿಗೆ ತಮ್ಮ ಮಗನನ್ನು, ಅಂದರೆ ನನ್ನ ಗಂಡನನ್ನು, ಕರೆಯಲು ನಾಚಿ, ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಆ ದಿನಗಳಲ್ಲಿ ಟಿವಿ ತುಂಬ ಗಗನಯಾತ್ರಿಗಳದೇ ಸುದ್ದಿ. ಕೆಲವೇ ದಿನಕ್ಕೆಂದು ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವರು, ಕರೆದೊಯ್ದ ನೌಕೆಯ ಮೇಲೆ ಭರವಸೆ ಸಾಲದೆ, ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದರು. ಕ್ಲಾಸಿನಲ್ಲೂ ಅದೇ ಮಾತು. ಉಸಿರಾಡುವ ಗಾಳಿಯನ್ನೂ ಅಲ್ಲಿ ಯಂತ್ರವೇ ಕೊಡಬೇಕು, ನಿಲ್ದಾಣದ ಗೋಡೆಗೆ ತೂತು ಬಿದ್ದರೆ ಜೀವಕ್ಕೇ ಕುತ್ತು, ಇಳಿಯುವಾಗ ನೌಕೆಯ ಹೊರಮೈ ಕೆಂಡವಾಗುತ್ತದೆ ಎಂದೆಲ್ಲ ಹೇಳಿದೆ. ಒಬ್ಬ ಹುಡುಗಿ ಎದ್ದು, “ಆದ್ರೂ ಇದ್ದಷ್ಟು ದಿನ ಸುಮ್ನ ತೇಲಾಡಿಕೋತ ಆರಾಮ ಇರಬೋದಲ್ರಿ ಟೀಚರ್?” ಎಂದಳು.

“ಆರಾಮ ಇದ್ದರೇ ಕೆಟ್ಟರು” ಎಂದು ನಾನು ಬೋರ್ಡಿನ ಮೇಲೆ ಚಿತ್ರ ಬರೆದೆ. ಭಾರ ಹೊರದ ಎಲುಬು ಸವೆಯುತ್ತದೆ, ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಅದಕ್ಕೇ ಅವರು ಬೆಲ್ಟಿನಿಂದ ತಮ್ಮನ್ನು ಕೆಳಕ್ಕೆ ಬಿಗಿದುಕೊಂಡು ದಿನಾ ಓಡುತ್ತಾರೆ. ಇಷ್ಟು ಚೆನ್ನಾಗಿ ಪಾಠ ಮಾಡಿ ಮನೆಗೆ ಬಂದವಳು, ಮಂಚದಲ್ಲಿ ಎದ್ದು ಕೂರಲು ಹೆಣಗುತ್ತಿದ್ದ ಅತ್ತೆಗೆ, “ಏಳಬ್ಯಾಡ್ರಿ ಅತ್ತೀ, ನಾ ಅದೀನಲ್ಲ” ಎಂದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ನಾನೇ.

ಆ ಗಗನಯಾತ್ರಿಗಳು ಭೂಮಿಗೆ ಮರಳಿದ ದಿನ ಮುಂಜಾನೆ ಅತ್ತೆಯ ಮಂಚದ ಎದುರೇ ಟಿವಿ ಹಚ್ಚಿದ್ದೆ. ಸಮುದ್ರದಿಂದ ನೌಕೆಯನ್ನು ಎತ್ತಿ, ಬಾಗಿಲು ತೆಗೆದು, ಒಬ್ಬೊಬ್ಬರನ್ನೇ ಹೊರಗೆ ತಂದರು. ಅವರಲ್ಲಿ ಹೆಣ್ಣುಮಗಳೊಬ್ಬಳಿದ್ದಳು. ನಗುತ್ತ ಕೈ ಬೀಸಿದಳು, ಆದರೆ ನಡೆಯಲಿಲ್ಲ. ಇಬ್ಬರು ಹಿಡಿದು ಗಾಲಿಯ ಮಂಚದ ಮೇಲೆ ಕೂರಿಸಿಕೊಂಡು ಹೋದರು.

“ಯಾಕವಾ, ಆಕೀಗೂ ಸೊಂಟ ಮುರದೈತೇನು?” ಎಂದರು ಅತ್ತೆ.

“ಇಲ್ಲರಿ. ಭಾಳ ದಿನ ಕಾಲಿನ ಮ್ಯಾಲ ಭಾರ ಬಿದ್ದಿಲ್ಲ. ಎಲುಬು ಸವದಿರತಾವು. ಈಗ ಮತ್ತ ನಡಿಯಾಕ ಕಲೀಬೇಕು.”

ಅತ್ತೆ ಟಿವಿ ನೋಡಿದರು, ಹೊದಿಕೆಯ ಕೆಳಗಿನ ತಮ್ಮ ಕಾಲು ನೋಡಿದರು. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿದ್ದು ಆಗ.

“ಅಲ್ಲಿ ಆಕಿ ಬಚ್ಚಲಕ್ಕ ಹೆಂಗ ಹೋಗತಿದ್ಲು?” ಎಂದರು.

ಈ ಸಲ ಡಸ್ಟರ್ ಇರಲಿಲ್ಲ. ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. ಕೆಳಗಿನ ಪಟ್ಟಿಗೆ ಕಾಲು ಸಿಕ್ಕಿಸಿಕೊಳ್ಳಬೇಕು, ಇಲ್ಲದಿದ್ದರೆ ಮೈ ತೇಲಿ ಹೋಗುತ್ತದೆ. ನೀರಿಲ್ಲ, ಗಾಳಿಯೇ ಎಲ್ಲವನ್ನೂ ಎಳೆದುಕೊಳ್ಳುತ್ತದೆ.

“ಬಾಗಲಾ ಐತೇನು?”

“ಸಣ್ಣ ಗೂಡಿನಂಗ ಐತ್ರಿ. ಅಡ್ಡ ಪರದೆ ಐತಿ.”

“ಮತ್ತೇನವಾ, ಪುಣ್ಯೇವಂತಿ” ಎಂದು ಅತ್ತೆ ಮುಖ ಗೋಡೆಗೆ ತಿರುಗಿಸಿದರು. ಸೊಸೆ ಅಂದರೆ ಹೀಗಿರಬೇಕು ಅನಿಸಿಕೊಳ್ಳುವ ಆಸೆಗೆ ಈ ಜೀವದ ಮಾನವನ್ನು ಮಂಚಕ್ಕೆ ಕಟ್ಟಿಹಾಕಿದ್ದೆನಲ್ಲ ಎಂದು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಮಧ್ಯಾಹ್ನ ಕೊಪ್ಪಳದ ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡೆ. “ತಡಾ ಮಾಡೀರಿ. ಇನ್ನ ನಿಂತರ ನಿಂತರು, ಇಲ್ಲಂದ್ರ ಇಲ್ಲ” ಎಂದರು. ವಾಕರಿನ ಮೇಲಿನ ಟವೆಲ್ ತೆಗೆದೆ. ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಮಡಚಿ ಅವರ ನಡುವಿಗೆ ಕಟ್ಟಿ, ಅದರ ತುದಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲ ದಿನ ಬರೇ ನಿಂತರು, ಬೆವೆತರು, ನನ್ನನ್ನೂ ಡಾಕ್ಟರನ್ನೂ ಸೇರಿಸಿ ಬೈದರು. ನಾಲ್ಕನೇ ದಿನಕ್ಕೆ ಮೂರು ಹೆಜ್ಜೆ. ಒಂದು ದಿನ ಏನು ಮಾಡಿದರೂ ಕಾಲು ಏಳಲೇ ಇಲ್ಲ, ಇಬ್ಬರೂ ಮಂಚದ ಮೇಲೆ ಕೂತುಬಿಟ್ಟೆವು.

ಪಕ್ಕದ ಮನೆಯ ಹಿರಿಯಾಕೆ ಮತ್ತೆ ಬಂದರು. ಸೀರೆ ಹಿಡಿದು ನಿಂತ ನನ್ನನ್ನು ನೋಡಿ, “ಏನವಾ, ಎಮ್ಮಿ ಹೊಡಕೊಂಡು ಹೊಂಟಂಗ ಹೊಂಟೀಯಲ್ಲ” ಎಂದರು. ನಾನು ಸೀರೆ ಬಿಡಲಿಲ್ಲ. ಅತ್ತೆಯೇ ತಿರುಗಿ ಹೇಳಿದರು: “ಮುಗಿಲಿಗೆ ಹೋಗಿ ಬಂದಾಕೀನೇ ಮತ್ತ ನಡಿಯಾಕ ಕಲಿಯಾಕತ್ತಾಳಂತ. ನಾ ಮಂಚದಿಂದ ಇಳದಾಕಿ, ಕಲಿಬಾರದೇನು? ನೀ ದಾರಿ ಬಿಡವಾ ಮದ್ಲ.” ಆಕೆ ಗೋಡೆಗೆ ಸರಿದು ದಾರಿ ಬಿಟ್ಟರು.

ಯುಗಾದಿ ದಾಟಿ ಬಿಸಿಲು ಏರಿತ್ತು. ನಮ್ಮ ಬಚ್ಚಲು, ಸಂಡಾಸ ಎರಡೂ ಒಂದೇ ಕಡೆ ಹಿತ್ತಲಲ್ಲಿವೆ, ಅಡುಗೆಮನೆಯ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ಒಂದು ಭಾನುವಾರ ಅತ್ತೆ ನಡುಮನೆಯಲ್ಲಿ ನಿಲ್ಲದೆ ಸೀದಾ ಹಿತ್ತಲಿಗೆ ಇಳಿದರು. ವಾಕರ್ ಎತ್ತಿಡುವುದು, ಉಸಿರು ಬಿಡುವುದು, ಕಾಲು ಎಳೆಯುವುದು. ನಾನು ಸೀರೆಯ ತುದಿ ಹಿಡಿದು ಹಿಂದೆ. ಬಚ್ಚಲ ಹೊಸ್ತಿಲು ದಾಟಿ ಅವರು ತಿರುಗಿ ನಿಂತರು.

“ಬಿಡು” ಎಂದರು.

“ಬ್ಯಾಡ್ರಿ ಅತ್ತೀ, ಮತ್ತ ಬಿದ್ದೀರಿ. ನಾ ಕಣ್ಣು ಮುಚ್ಚಿಕೊಂಡು ಇಲ್ಲೇ ನಿಂದರತೀನಿ.”

“ಬಿಡವಾ.”

ಬಿಟ್ಟೆ. ಸೀರೆಯ ತುದಿಯನ್ನು ಅವರು ಒಳಗೆ ಎಳೆದುಕೊಂಡರು. ಬಾಗಿಲು ನಿಧಾನವಾಗಿ ಮುಚ್ಚಿತು. ಮುಚ್ಚಿದ್ದರೆ ಸಾಕಿತ್ತು, ಆದರೆ ಅವರು ತಡಕಾಡಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಒಳಗಿನ ಚಿಲಕವನ್ನೂ ಹಾಕಿಕೊಂಡರು.