ಕೈಮಟ್ಟದಲ್ಲೊಂದು ಹೆಸರು

ಅಂಗಡಿಗೆ ಬಂದ ವಿಜಯಪುರದ ಕಡೆಯ ಆ ಹೆಂಗಸು ಕಣ್ಣು ಮುಚ್ಚಿಕೊಂಡು ನನ್ನ ನಾಮಫಲಕಗಳ ಮೇಲೆ ಬೆರಳಾಡಿಸತೊಡಗಿದರು. ನಮ್ಮ ವಾಕಡ ಬಡಾವಣೆಯ ಹೊಸ ಫ್ಲ್ಯಾಟುಗಳ ಬಾಗಿಲಿಗೆ ಹೆಸರಿನ ಫಲಕ ಮಾಡಿಕೊಡುವುದು ನನ್ನ ಕಸುಬು. ಹೊಳಪು ಹೆಚ್ಚಿದಷ್ಟೂ ಗಿರಾಕಿಗೆ ಇಷ್ಟವೆಂದು ನಂಬಿದವನು ನಾನು. ಕನ್ನಡಿಯಂಥ ಅಕ್ರಿಲಿಕ್ ಮುಂದಿಟ್ಟೆ. ಅವರು ಸವರಿ ನೋಡಿ ಪಕ್ಕಕ್ಕೆ ಸರಿಸಿದರು. ಉಬ್ಬಕ್ಷರ ಕೆತ್ತಿದ ಸಾಗವಾನಿ ಹಲಗೆಯ ಮೇಲೆ ಬೆರಳು ನಿಂತಿತು.

“ಇಂಥಾದ್ದ ಮಾಡಿಕೊಡ್ರಿ. ಪಾಲಿಶ್ ಬ್ಯಾಡ, ಬೆರಳು ಜಾರ್ತದ,” ಎಂದರು. ಯಾಕೆಂದು ಕೇಳಿದೆ. “ದಿನದಿನಕ್ಕ ನನ್ನ ಕಣ್ಣು ಮಂಜ ಆಗಾಕತ್ತಾವ್ರಿ. ನಮ್ಮ ಬಿಲ್ಡಿಂಗಿನಾಗ ಎಲ್ಲಾ ಬಾಗಿಲಾ ಒಂದ ನಮೂನಿ. ನಮ್ಮನಿ ಯಾವುದಂತ ಈಗಿಂದನ ಕೈಗೆ ಕಲಿಸಬೇಕು.”

ಫಲಕ ಕೂರಿಸಲು ಹೋದಾಗ ರೂಢಿಯಂತೆ ಕಣ್ಣಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದೆ. ಅವರು ನಕ್ಕು, ಬಾಗಿಲ ಪಕ್ಕದ ಗೋಡೆಯ ಮೇಲೆ, ಕೈ ಸಹಜವಾಗಿ ತಲುಪುವ ಕಡೆ ಅಂಗೈಯಿಟ್ಟು ತೋರಿಸಿದರು. ಅಲ್ಲೇ ಕೂರಿಸಿದೆ.

ಮೊನ್ನೆ ಅದೇ ಮಹಡಿಯ ಇನ್ನೊಂದು ಮನೆಗೆ ಕೆಲಸಕ್ಕೆ ಹೋಗಿದ್ದೆ. ಅವರ ಬಾಗಿಲು ದಾಟುವಾಗ ಕಾಲು ತಾನಾಗಿ ನಿಂತಿತು. ಪಾಲಿಶ್ ಕಾಣದ ಆ ಹಲಗೆಯಲ್ಲಿ ಹೆಸರಿನ ಮೊದಲ ಅಕ್ಷರ, ದಿನವೂ ಬೆರಳು ಸೋಕಿ ಸೋಕಿ, ಹೊಳೆಯುತ್ತಿತ್ತು.