ಹೊತ್ತು ಮುಳುಗುವ ಮೊದಲು ಶೀತಲ ಅಕ್ಕೋರ ಊಟ

ಬೆಳಗಾವಿಯ ಮಹಾಂತೇಶ ನಗರದ ಶೀತಲ ಅಕ್ಕೋರು ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಮುಟ್ಟುವವರಲ್ಲ. ನೊಂದ ಮಕ್ಕಳಿಗೆ ಆಪ್ತಸಲಹೆ ಕೊಡುವುದು ಅವರ ಕೆಲಸ. ಹಲಸಿಯ ನಮ್ಮ ಶಾಲೆಗೆ ಬಂದರೆ ಮಾತ್ರ ಸಲಹೆಯೊಂದನ್ನು ಬಿಟ್ಟು ಉಳಿದೆಲ್ಲ ಮಾಡುತ್ತಿದ್ದರು. ನೆಲದ ಮೇಲೆ ಕುಳಿತು ಹುಣಸೆಬೀಜ ಆಡುವುದು, ತಾವು ಉಳ್ಳಾಗಡ್ಡಿ ತಿನ್ನುವುದಿಲ್ಲವೆಂದು ಹರಟುವುದು, ಹೊರಡುವಾಗ "ಮುಂದಿನ ಮಂಗಳವಾರ ಬರ್ತೀನಿ" ಎನ್ನುವುದು, ಬಸ್ಸು ಕೆಟ್ಟರೂ ಬಂದೇ ಬಿಡುವುದು. ಇದಕ್ಕೂ ಸಂಬಳವೇ ಎಂದು ನಾನು ಚುಡಾಯಿಸುತ್ತಿದ್ದೆ.

ಅವರು ಬರುತ್ತಿದ್ದುದು ನಾನು ಕಲಿಸುವ ತರಗತಿಯ ಸಮೃದ್ಧಿಗಾಗಿ. ಮಚ್ಛೆಯ ಹತ್ತಿರ ಲಾರಿ ಬಡಿದು ಅಪ್ಪ ತೀರಿಕೊಂಡಾಗ ಬೈಕಿನ ಹಿಂದೆ ಅವಳೇ ಕೂತಿದ್ದಳು. ತಾಯಿ ಮೊದಲೇ ಇಲ್ಲ. ಸಾಕುವವಳು ಅಜ್ಜಿ ಚಂದ್ರವ್ವ. ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬಂದವರು ಮೊದಲು ಕೇಳುವುದೇ "ಹ್ಯಾಂಗಾತು?" ಎಂದು. ಹೇಳದಿದ್ದರೆ ಬಂದವರಿಗೆ ಅವಮರ್ಯಾದೆ. ಕಣ್ಣಾರೆ ಕಂಡವಳು ಇವಳೊಬ್ಬಳೇ ಎಂದು ಅಜ್ಜಿ ಪ್ರತಿ ಸಲ ಮೊಮ್ಮಗಳನ್ನೇ ಕೂರಿಸಿ ಹೇಳಿಸಿದಳು. ಹೇಳಿ ಹೇಳಿ ಹುಡುಗಿ ಒಂದು ದಿನ ಮಾತನ್ನೇ ಬಿಟ್ಟಳು. ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅವಳ ದನಿ ಇನ್ನು ಕೇಳಿಸುವುದೇ ಇಲ್ಲವೇನೋ ಎಂದು ನಾನು ಹೆದರಿದ್ದೆ.

"ತಾನಾಗಿ ಹೇಳೂತನಕ ಅಕಿನ್ನ ಯಾರೂ ಕೇಳಬ್ಯಾಡ್ರಿ, ಆಯಿ" ಎಂದಿದ್ದರು ಅಕ್ಕೋರು.

"ಬಂದವ್ರಿಗೆ ಏನಂತ ಹೇಳ್ಲೆವಾ?" ಎಂದು ಅಜ್ಜಿ ಮುಖ ಗಂಟಿಕ್ಕಿದ್ದಳು.

ಒಂದು ಮಂಗಳವಾರ ನಾನೂ ಅಕ್ಕೋರೂ ಸಮೃದ್ಧಿಯ ಮನೆಯಲ್ಲಿದ್ದಾಗ ಖಾನಾಪುರದಿಂದ ನೆಂಟ ದುಂಡಪ್ಪ ಬಂದ. ಕುಳಿತವನೇ ಹುಡುಗಿಯತ್ತ ತಿರುಗಿ, "ಹ್ಯಾಂಗಾತವಾ? ನೀನ ಇದ್ದೆಂತಲ್ಲ?" ಎಂದ. ಸಮೃದ್ಧಿ ಗೋಡೆಗೆ ಅಂಟಿಕೊಂಡಳು. ಅಕ್ಕೋರು ಮೆಲ್ಲಗೆ ಅವಳ ಪಕ್ಕಕ್ಕೆ ಸರಿದರು. ನಾನು ರೇಗಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಎದ್ದು ಬಂದು ಅವನ ಮತ್ತು ಹುಡುಗಿಯ ನಡುವೆ ಕೂತಳು.

"ಅಕಿನ್ನ ಕೇಳಬ್ಯಾಡೋ ದುಂಡಪ್ಪ. ಸತ್ತಾಂವ ನನ್ನ ಮಗ. ನನ್ನ ಕೇಳು."

ಕೇಳಿದ್ದಕ್ಕೆ ಅಜ್ಜಿ ಸಾವನ್ನಲ್ಲ, ಮಗ ಬದುಕಿದ್ದ ದಿನಗಳನ್ನು ಹೇಳಿದಳು. ಮಗಳಿಗೆ ಜಡೆ ಹಾಕಲು ಹೋಗಿ ಕೂದಲನ್ನೆಲ್ಲ ಸಿಕ್ಕು ಮಾಡುತ್ತಿದ್ದನಂತೆ. ದುಂಡಪ್ಪ ನಗುತ್ತಲೇ ಅತ್ತ. ಕೇಳುತ್ತ ಕೂತ ನಮಗೆ ಬಸ್ಸಿನ ನೆನಪೇ ಆಗಲಿಲ್ಲ. ಹೊರಗೆ ಹೊತ್ತು ಇಳಿದು ಬಿಸಿಲು ಮನೆಯ ಮಾಡು ಹತ್ತಿತ್ತು. ಬೆಳಗಾವಿ ಮುಟ್ಟುವಷ್ಟರಲ್ಲಿ ಕತ್ತಲೆ, ಅಕ್ಕೋರಿಗೆ ಉಪವಾಸವೇ ಗತಿ.

ಸಮೃದ್ಧಿ ಎದ್ದು ಬಾಗಿಲಾಚೆ ನೋಡಿದಳು. ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ಅಕ್ಕೋರ ಮುಂದಿಟ್ಟಳು.

"ಲಗೂನ ಉಣ್ರಿ ಅಕ್ಕೋರ, ಹೊತ್ತ ಮುಣಗತೈತಿ. ಉಳ್ಳಾಗಡ್ಡಿ ಹಾಕಿಲ್ರಿ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕೋರು ಏನೂ ಕೇಳದೆ ರೊಟ್ಟಿ ಮುರಿದರು.