ಆನೆ ಬಿಟ್ಟು ಕುದುರೆ ಮುಟ್ಟಿದ್ದು

ಒಬ್ಬ ಮಾಸ್ಟರನ್ನಾದರೂ ಸೋಲಿಸದೆ ಚೆಸ್ ಬಿಡುವುದಿಲ್ಲ ಎಂದು ನಾನು ಹಟ ಹಿಡಿದು ವರ್ಷಗಳೇ ಆಗಿದ್ದವು. ಮೊನ್ನೆ ಮಾದಾಪುರದ ಟೂರ್ನಮೆಂಟಿನ ಮೊದಲ ಸುತ್ತಿನಲ್ಲೇ ಮೈಸೂರಿನಿಂದ ಬಂದ ಮಾಸ್ಟರ್ ನನಗೆ ಎದುರಾಳಿಯಾಗಿ ಸಿಕ್ಕರು. ಅವರ ರೇಟಿಂಗ್ ಮುಂದೆ ನನ್ನದು ಹೇಳಿಕೊಳ್ಳುವಂಥದ್ದಲ್ಲ. ಪಟ್ಟಿ ನೋಡಿದವರೆಲ್ಲ "ಪಾಪ, ಬೇಗ ಮನೆಗೆ ಹೋಗ್ಬಹುದು ಬಿಡಿ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಜೊತೆಗೆ ಅತ್ತೆ ಬಂದಿದ್ದರು. ನನಗೆ ಚೆಸ್ ಕಲಿಸಿದವರೇ ಅವರು. ಮನೆಯಲ್ಲಿ ನಾನು ಫೋನಿನಲ್ಲಿ ಆಡುತ್ತಿದ್ದರೆ ಹೆಗಲ ಮೇಲಿಂದ ಇಣುಕಿ "ಒಂಟೆ ಎತ್ತೇ, ಪೆದ್ದಿ" ಅನ್ನದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಇಲ್ಲಿ ಹೊರಗಿನವರು ಒಂದು ನಡೆ ಹೇಳಿಕೊಟ್ಟರೂ ಮೋಸ. ಅದಕ್ಕೇ "ಬಾಯಿ ಬಿಟ್ರೆ ನೋಡಿ!" ಎಂದು ಹೆದರಿಸಿ, ದೂರದ ಕಿಟಕಿ ಹತ್ತಿರ ಕೂರಿಸಿದ್ದೆ.

ಎರಡು ಗಂಟೆಯಾದರೂ ನಾನು ಸೋತಿರಲಿಲ್ಲ. ಅಷ್ಟರಲ್ಲಿ ಮಾಸ್ಟರ್ ಅವಸರದಲ್ಲಿ ಒಂದು ಕಾಲಾಳು ತಳ್ಳಿದರು. ನೋಡುತ್ತೇನೆ, ಬೋರ್ಡಿನ ಮೇಲೆ ನನ್ನ ಆನೆಗೆ ದಾರಿ ತೆರೆದಿದೆ! ನೇರ ಕೊನೇ ಸಾಲಿಗೆ ಇಳಿಸಿದರೆ ಅವರ ರಾಜನಿಗೆ ಅಲ್ಲಾಡಲು ಜಾಗವಿಲ್ಲ. ಮೂರು ಸಲ ನೋಡಿದೆ. ಹೌದು, ಗೆದ್ದೆ! ಕೈ ಚಾಚಿದೆ.

"ಆನೆ! ಆನೆ ಕಣೇ!" ಕಿಟಕಿಯ ಕಡೆಯಿಂದ ಅತ್ತೆ ಕಿರುಚಿದರು.

ಅಯ್ಯೋ, ಹಾಳು ಬಾಯಿ! ಇನ್ನು ಆನೆ ನಡೆಸಿದರೆ, ಅತ್ತೆ ಹೇಳಿಕೊಟ್ಟು ಗೆದ್ದಳು ಅಂತ ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಅಂಥ ಗೆಲುವು ನನಗೆ ಬೇಡವೇ ಬೇಡ. ಸಿಟ್ಟಿನಲ್ಲಿ ಕೈ ಹಿಂದಕ್ಕೆಳೆದು ಪಕ್ಕದ ಕುದುರೆ ಹಿಡಿದೆ. ಆಗ ಕುರ್ಚಿಗಳೆಲ್ಲ ಸರಿದ ಸದ್ದು. ತಲೆ ಎತ್ತಿದರೆ ಸಭಾಂಗಣದಲ್ಲಿದ್ದವರೆಲ್ಲ ಕಿಟಕಿಗೆ ಮುತ್ತಿದ್ದಾರೆ. ಬೇಲಿಯಾಚೆ ಕಾಫಿ ಗಿಡಗಳ ನಡುವೆ, ಕಿವಿ ಬೀಸುತ್ತ, ನಿಜವಾದ ಆನೆ.

ಅದು ತೋಟದೊಳಗೆ ಮರೆಯಾದ ಮೇಲೆ ಎಲ್ಲರೂ ಬಂದು ಕೂತರು. ಮುಟ್ಟಿದ ಕಾಯನ್ನೇ ನಡೆಸಬೇಕು, ಅದು ನಿಯಮ. ಕುದುರೆಯನ್ನೇ ನಡೆಸಿದೆ. ಹತ್ತು ನಡೆಯಲ್ಲಿ ಮಾಸ್ಟರ್ ನನ್ನನ್ನು ಮುಗಿಸಿ, ಕೈಕುಲುಕುತ್ತ, "ಆಗ ಆನೆ ಇಳಿಸಿದ್ರೆ ನಾನು ಸೋತಿದ್ದೆ ಮೇಡಂ. ಕಾಣ್ಲಿಲ್ವಾ?" ಎಂದರು.

ಹೊರಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ. "ನೀವು ಹೇಳಿಕೊಡ್ತಿದೀರಿ ಅಂದ್ಕೊಂಡೆ!"

"ಬೆಳಗ್ಗಿಂದ ಒಂದ್ಸಲಾನೂ ನಿನ್ನ ಬೋರ್ಡ್ ಕಡೆ ತಿರುಗಿಲ್ಲ ಕಣೇ ನಾನು. ನೋಡಿದ್ರೆ ಎಲ್ಲಿ ಬಾಯಿ ಬಿಟ್ಟುಬಿಡ್ತೀನೋ ಅಂತ, ಕಿಟಕಿ ಆಚೆನೇ ನೋಡ್ತಾ ಕೂತಿದ್ದೆ."